ಅಂಚು ಕೊತಕೊತ, ನಡು ತಣ್ಣಗೆ

ಪ್ರಶ್ನೆ: ನಮ್ಮ ಮೈಕ್ರೋವೇವ್ 700 ವ್ಯಾಟಿನದು. ಫ್ರಿಜ್ಜಿನಿಂದ ತೆಗೆದ ಒಂದು ಡಬ್ಬಿ ಬಿಸಿಬೇಳೆಬಾತ್ ಬಿಸಿಯಾಗಲು ನಾಲ್ಕು ನಿಮಿಷ ಬೇಕು. ಹೋಟೆಲುಗಳಲ್ಲಿ 1800 ವ್ಯಾಟಿನದು ಇರುತ್ತಂತೆ. ಮನೆಗೂ ಅಂಥದ್ದನ್ನೇ ಯಾಕೆ ಮಾಡುವುದಿಲ್ಲ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ನೀವು ಬರೀ ಕಾಫಿಗೆ ನೀರು ಕಾಯಿಸುವವರಾಗಿದ್ದರೆ ನಿಮ್ಮ ಮಾತಿಗೆ ನಾನು ಹೂಂ ಅನ್ನುತ್ತಿದ್ದೆ. ಒಂದು ಲೋಟ, ಅಂದರೆ 200 ಮಿಲಿ ನೀರು ಕುದಿಯಲು 700 ವ್ಯಾಟಿನಲ್ಲಿ ಒಂದೂವರೆ ನಿಮಿಷ. 1800ರಲ್ಲಿ ಅರ್ಧ ನಿಮಿಷ ದಾಟಿದರೆ ಸಾಕು. ಆದರೆ ಬಿಸಿಬೇಳೆಬಾತ್ ನೀರಲ್ಲವಲ್ಲ!

ಮೈಕ್ರೋವೇವ್ ಅಲೆ ಊಟದೊಳಗೆ ನುಗ್ಗುವುದು ಒಂದೆರಡು ಸೆಂಟಿಮೀಟರ್ ಅಷ್ಟೇ. ಅಲ್ಲಿಂದ ಒಳಗೆ ಬಿಸಿ ತಾನೇ ನಿಧಾನಕ್ಕೆ ಹರಿದು ಹೋಗಬೇಕು. ನೀವು ವ್ಯಾಟ್ ಜಾಸ್ತಿ ಮಾಡಿದರೂ ಅದರ ನಡಿಗೆ ಚುರುಕಾಗುವುದಿಲ್ಲ. ಅಂಚು ಕೊತಕೊತ ಕುದಿದು ಚಿಮ್ಮುತ್ತದೆ, ನಡುವೆ ಫ್ರಿಜ್ಜಿನ ತಣ್ಣಗೆ ಹಾಗೇ ಕೂತಿರುತ್ತದೆ.

ಕಳೆದ ಸಂಕ್ರಾಂತಿ ಹೊತ್ತಿಗೆ ಫ್ರೀಜರಿನಲ್ಲಿದ್ದ ಹಿತಕಿದ ಬೇಳೆಯನ್ನು ಫುಲ್ ಪವರಿನಲ್ಲಿ ಇಟ್ಟು ನಾನೇ ಮಂಗನಾದೆ. ಹೊರಗಿನ ಕಾಳು ಬೆಂದು ಸುಕ್ಕಾಗಿತ್ತು, ಒಳಗೆ ಮಂಜಿನ ಗಡ್ಡೆ. ಮಂಜು ಈ ಅಲೆಯನ್ನು ಅಷ್ಟಾಗಿ ಹೀರುವುದಿಲ್ಲ, ನೀರು ಗಟಗಟ ಹೀರುತ್ತದೆ. ಮೊದಲು ಕರಗಿದ ಕಡೆಯೇ ಮತ್ತೆ ಮತ್ತೆ ಬಿಸಿಯಾಗುತ್ತದೆ. ಡಿಫ್ರಾಸ್ಟ್ ಒತ್ತಿದರೆ ಯಂತ್ರ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ ಸ್ವಲ್ಪ ಹೊತ್ತು ಸುಮ್ಮನಾಗುವುದು ಅದಕ್ಕೇ. ಬಿಸಿ ಹರಡಲಿ ಅಂತ ಬಿಡುವು ಕೊಡುತ್ತಿದೆ, ಕೆಟ್ಟಿದೆ ಅಂದುಕೊಳ್ಳಬೇಡಿ.

ಇನ್ನು ಗೋಡೆಯ ಪ್ಲಗ್ಗಿನ ವಿಷಯ. ಓವನ್ನಿನ 700 ವ್ಯಾಟ್ ಅಂದರೆ ಊಟಕ್ಕೆ ಕೊಡುವ ಶಕ್ತಿ. ಅದಕ್ಕೆ ಮೀಟರಿನಿಂದ ಎಳೆಯುವುದು 1100–1200. ಹೋಟೆಲಿನ 1800 ವ್ಯಾಟಿನದು ಹೆಚ್ಚುಕಡಿಮೆ 3000 ಎಳೆಯುತ್ತದೆ, ಅಂದರೆ 13 ಆಂಪಿಯರ್. ಮನೆಯ ಚಿಕ್ಕ 6 ಆಂಪಿಯರ್ ಪಾಯಿಂಟಿನ ಮಿತಿ 230 ವೋಲ್ಟಿನಲ್ಲಿ 1380 ವ್ಯಾಟ್. ದಪ್ಪ ಪಿನ್ನಿನ 16 ಆಂಪಿಯರ್ ಪಾಯಿಂಟೇ ಬೇಕು. ಅದೇ ಲೈನಿನಲ್ಲಿ ಮಿಕ್ಸಿ, ಗೀಸರ್ ಇದ್ದರೆ ಮನೆಯೇ ಕತ್ತಲು. ಹೋಟೆಲಿನವರಿಗಾದರೆ ಬೇರೆ ವೈರಿಂಗ್ ಇರುತ್ತದೆ, ನಿಮಿಷಕ್ಕೊಂದು ಪ್ಲೇಟ್ ಕೊಡುವ ಅವಸರವೂ ಇರುತ್ತದೆ.

ಆದರೂ ಒಂದು ಡಬ್ಬಿಗೆ ನಾಲ್ಕು ನಿಮಿಷ ಸ್ವಲ್ಪ ಜಾಸ್ತಿಯೇ ಆಯಿತು. ನಿಮ್ಮ ಓವನ್ 700 ಕೊಡುತ್ತಿದೆಯಾ ಅಂತ ಮೊದಲು ನೋಡಿ. ಒಂದು ಲೀಟರ್ ನೀರು ಇಟ್ಟು ಸರಿಯಾಗಿ ಎರಡು ನಿಮಿಷ ಫುಲ್ ಪವರ್ ಕೊಡಿ. ಕಲಕಿ, ಅಡುಗೆ ಥರ್ಮಾಮೀಟರಿನಲ್ಲಿ ನೋಡಿ. ಎಷ್ಟು ಡಿಗ್ರಿ ಏರಿತೋ ಅದನ್ನು 35ರಿಂದ ಗುಣಿಸಿ. 20 ಡಿಗ್ರಿ ಏರಿದ್ದರೆ 700 ವ್ಯಾಟ್, ಲೆಕ್ಕ ಸರಿ. ಪಾತ್ರೆಯೂ ಸ್ವಲ್ಪ ಬಿಸಿ ನುಂಗುವುದರಿಂದ 17–18 ಬಂದರೂ ಚಿಂತೆಯಿಲ್ಲ. ಹನ್ನೆರಡೋ ಹದಿಮೂರೋ ಬಂದರೆ ರಿಪೇರಿಯವರನ್ನು ಕರೆಸಿ. ಸಂಜೆ ವೋಲ್ಟೇಜ್ ಇಳಿದಾಗ ಈ ಪರೀಕ್ಷೆ ಬೇಡ, ಆಗ ಒಳ್ಳೆಯ ಓವನ್ನೂ ಸೋಲುತ್ತದೆ. ಪ್ಲಗ್ ಕಿತ್ತರೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು, ನೀವೇ ಬಿಚ್ಚಲು ಹೋಗಬೇಡಿ.

ನೀರಿನ ಲೆಕ್ಕ ಸರಿ ಬಂದರೆ ತಪ್ಪು ಡಬ್ಬಿಯದು. ಬಾತನ್ನು ಅಗಲ ತಟ್ಟೆಗೆ ಸುರಿದು, ವಡೆಗೆ ಮಾಡುವ ಹಾಗೆ ನಡುವೆ ತೂತು ಮಾಡಿ. ಎರಡು ಚಮಚ ನೀರು ಚಿಮುಕಿಸಿ ಮುಚ್ಚಿಡಿ. ಒಂದು ನಿಮಿಷಕ್ಕೆ ತೆಗೆದು ಕಲಸಿ, ಮತ್ತೊಂದು ನಿಮಿಷ ಇಡಿ. ತುಪ್ಪ ಆಮೇಲೆ ಹಾಕಿಕೊಳ್ಳಿ.