ಹಾವೇರಿ ಕಡೆಯ ಸರ್ಕಾರಿ ಕಾಲೇಜಿನ ಗ್ರಂಥಾಲಯಕ್ಕೆ: ಇ-ಗ್ರಂಥಾಲಯವೋ, ಕೋಹಾನೋ?

ನಮಸ್ಕಾರ ಮೇಡಂ. ದುಡ್ಡಿಲ್ಲ, ಸಹಾಯಕರಿಲ್ಲ, ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಕನ್ನಡದವು, ಪುಸ್ತಕಗಳ ಪಟ್ಟಿ ಕಂಪ್ಯೂಟರ್‌ನಲ್ಲಿ ಇಡೋಕೆ ಯಾವ ಸಾಫ್ಟ್‌ವೇರ್ ಹಾಕಲಿ, ಇ-ಗ್ರಂಥಾಲಯವೋ ಕೋಹಾನೋ ಅಂತ ಕೇಳಿದ್ದೀರಿ. ನಿಮ್ಮದು ಸರ್ಕಾರಿ ಕಾಲೇಜಾದ್ದರಿಂದ ನಾನು ಇ-ಗ್ರಂಥಾಲಯವನ್ನೇ ಹೇಳ್ತೀನಿ. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿಯವರು ಮಾಡಿದ್ದು, ಸರ್ಕಾರಿ ಗ್ರಂಥಾಲಯಗಳಿಗೆ ಉಚಿತ. ಕೋಹಾನೂ ಉಚಿತವೇ, ಬಹಳ ಒಳ್ಳೇದು, ಆದರೆ ಸರ್ವರ್ ನೋಡಿಕೊಳ್ಳೋರು ಒಬ್ಬರು ಬೇಕು.

ಇಂಗ್ಲಿಷ್ ಪುಸ್ತಕಗಳ ವಿವರ ಕೂತು ಟೈಪ್ ಮಾಡಬೇಡ್ರಿ. ವಿಶ್ವವಿದ್ಯಾಲಯ ಗ್ರಂಥಾಲಯಗಳನ್ನು ಜೋಡಿಸೋ ಯುಜಿಸಿಯ ಕೇಂದ್ರ ಇನ್‌ಫ್ಲಿಬ್‌ನೆಟ್‌ನ ಇಂಡ್‌ಕ್ಯಾಟ್ ಅನ್ನೋ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಸಂಯುಕ್ತ ಸೂಚಿ, ಅಂದ್ರೆ ಎಲ್ಲರ ಪುಸ್ತಕಗಳ ಒಂದೇ ಪಟ್ಟಿ ಇದೆ, ಅಲ್ಲಿ ಮೊದಲು ಹುಡುಕಿ.

ಕಷ್ಟ ಇರೋದು ಕನ್ನಡದ್ದರಲ್ಲಿ. ಹಳೇ ಪುಸ್ತಕಗಳಿಗೆ ಐಎಸ್‌ಬಿಎನ್ (ಪುಸ್ತಕ ಗುರುತಿಸೋ ಅಂತರರಾಷ್ಟ್ರೀಯ ಸಂಖ್ಯೆ) ಇರೋದಿಲ್ಲ, ವಿವರ ನೀವೇ ತುಂಬಬೇಕು. ಎಲ್ಲ ಕಂಪ್ಯೂಟರ್‌ಗೂ ಒಂದೇ ಆಗಿರೋ ಅಕ್ಷರ ಸಂಕೇತ ಯೂನಿಕೋಡ್‌ನಲ್ಲೇ ತುಂಬಿರಿ, ಹಳೇ ಫಾಂಟ್ ಎನ್‌ಕೋಡಿಂಗ್‌ನಲ್ಲಿ ತುಂಬಿದ್ದು ಮುಂದೆ ಹುಡುಕಾಟಕ್ಕೆ ಸಿಗೋದಿಲ್ಲ. ಲೇಖಕರ ಹೆಸರಿಗೆ ಒಂದೇ ರೂಪ ಇಟ್ಟುಕೊಳ್ಳಿ. ನಮ್ಮ ಧಾರವಾಡದ ಬೇಂದ್ರೆಯವರನ್ನೇ ನೋಡ್ರಿ: ಒಂದು ಕಡೆ ದ.ರಾ. ಬೇಂದ್ರೆ, ಇನ್ನೊಂದು ಕಡೆ ದತ್ತಾತ್ರೇಯ ರಾಮಚಂದ್ರ, ಮತ್ತೊಂದು ಕಡೆ ಅಂಬಿಕಾತನಯದತ್ತ ಅಂತ ಹಾಕಿದರೆ, ಕೇಳಿ ಬಂದ ಹುಡುಗನಿಗೆ ಅರ್ಧ ಪುಸ್ತಕ ಕಾಣೋದೇ ಇಲ್ಲ. ಕಾವ್ಯನಾಮದಿಂದ ಮೂಲ ಹೆಸರಿಗೆ 'ನೋಡಿ' ಅಂತ ಕೊಂಡಿ ಕೊಡಿ.

ಗದಗದಲ್ಲಿ ನಾನು ಹೀಗೇ ಮಾಡಿದ ಪಟ್ಟಿ ಇದೆ, ಮಾರ್ಕ್ ಫೈಲ್‌ನಲ್ಲಿ (ಗ್ರಂಥಾಲಯದ ಸಾಫ್ಟ್‌ವೇರ್‌ಗಳು ಪುಸ್ತಕದ ವಿವರ ಹಂಚಿಕೊಳ್ಳೋ ನಮೂನೆ). ಬೇಕಂದ್ರೆ ಇಲ್ಲೇ ಹೇಳ್ರಿ, ಕಳಿಸ್ತೀನಿ. ನೀವು ತುಂಬಿದ್ದನ್ನೂ ನನಗೆ ಕಳಿಸಿ, ಒಂದೇ ಪುಸ್ತಕಕ್ಕೆ ಇಬ್ಬರೂ ಕೂತು ಬರೆಯೋದು ಬೇಡ.