ಕುಟುಂಬ ಸಂಗಮಕ್ಕೆ ಹೋದ ಘಟ್ಟದ ಸೊಸೆ

ತಂಗೀ, ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಗುರ್ಕಾರರ ಮೇಲೆ ಸಿಟ್ಟು ಬಂತು. ಎರಡನೇ ಸಲ ಓದುವಾಗ, ನೀವು ಸಭೆಯ ಬಗ್ಗೆ ಬರೆದದ್ದು ಅರ್ಧ ಪುಟ, ಇಗರ್ಜಿಯ (ಚರ್ಚಿನ) ಬಗ್ಗೆ ಬರೆದದ್ದು ಮೂರು ಪುಟ ಅನ್ನುವುದು ಕಣ್ಣಿಗೆ ಬಿತ್ತು. ಅದಕ್ಕೇ ಆಮೇಲೆ ಬರುತ್ತೇನೆ.

ಓದುಗರಿಗೆ ವಿಷಯ ಇಷ್ಟು. ಇವರು ಶಿವಮೊಗ್ಗ ಕಡೆಯ ಕನ್ನಡ ಕ್ರೈಸ್ತರ ಮನೆಯವರು, ಕನ್ನಡದಲ್ಲೇ ಪೂಜೆ ಕೇಳಿ ಬೆಳೆದವರು. ಮದುವೆಯಾಗಿ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಕೊಂಕಣಿ ಕಥೋಲಿಕ ಮನೆಗೆ ಬಂದು ಆರು ವರ್ಷ ಆಯಿತು. ಊರಿನ ಹೆಸರು ಬೇಡ ಅಂದಿದ್ದಾರೆ. ಮಗಳು ಕನ್ನಡ ಮಾಧ್ಯಮದಲ್ಲಿ ಎರಡನೇ ಕ್ಲಾಸು. ಈ ವರ್ಷ ಅವಳ ಕ್ಲಾಸಿಗೆ ಬಂದ ಟೀಚರಿಗೆ ಕನ್ನಡ ಬರುವುದಿಲ್ಲ. ಪಂಚಾಯತ್ ಚುನಾವಣೆಯ ಹೊತ್ತಿಗೆ ಪಕ್ಕದ ಮನೆ ಅಂಗಳದಲ್ಲಿ ಒಂದು ರಂಗದವರ, ಅಂದರೆ ಪಕ್ಷಗಳ ಕೂಟದವರ, ಕುಟುಂಬ ಸಂಗಮ ಇತ್ತು, ಮನೆಮಂದಿಯನ್ನೆಲ್ಲ ಕರೆದು ಮತ ಕೇಳುವ ಸಭೆ. ಯಾವ ರಂಗ ಅಂತ ಪತ್ರದಲ್ಲಿದೆ. ಎಡರಂಗವೋ, ಐಕ್ಯರಂಗವೋ, ಎನ್‌ಡಿಎಯೋ, ನಾನು ಇಲ್ಲಿ ಹಾಕುವುದಿಲ್ಲ, ಯಾವುದಾದರೂ ನನ್ನ ಉತ್ತರ ಇದೇ. ಇವರು ಹೋದರು, ಟೀಚರ್ ವಿಷಯ ಕೇಳಿದರು, ಚಹಾ ಕುಡಿದು ಬಂದರು. ರಾತ್ರಿ ವಾಟ್ಸಾಪಿನಲ್ಲಿ ಫೋಟೋ ಬಂತು. ಆ ವಾರ್ಡಿನಲ್ಲಿ ಎದುರು ನಿಂತಿದ್ದವರು ಇವರದೇ ಇಗರ್ಜಿಯವರು. ಭಾನುವಾರ ಪೂಜೆ ಮುಗಿಸಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಗುರ್ಕಾರರು, ಅಂದರೆ ಅವರ ವಾಡೊದ (ಇಗರ್ಜಿಗೆ ಸೇರಿದ ಒಂದಷ್ಟು ಮನೆಗಳ ಗುಂಪಿನ) ಮುಖ್ಯಸ್ಥರು, ನಾಲ್ಕು ಜನರ ಎದುರೇ ಅಂದರಂತೆ: "ಘಟ್ಟದಿಂದ ಬಂದವರಿಗೆ ಇಲ್ಲಿಯದ್ದು ಗೊತ್ತಾಗುವುದಿಲ್ಲ. ನಮ್ಮ ವಾಡೊದ ಹೆಸರು ಹಾಳು ಮಾಡಬೇಡಿ." ಗಂಡ ಪಕ್ಕದಲ್ಲೇ ಇದ್ದರು. ಬೈಕಿನ ಕೀ ತಿರುಗಿಸುತ್ತಾ ನಿಂತಿದ್ದರು. ಈಗ ಆ ಅಂಗಳದ ರಂಗದವರೇ ಗೆದ್ದಿದ್ದಾರೆ. ಸದಸ್ಯರಿಗೆ ಅಭಿನಂದನಾ ಸಭೆ ಇದೆ, ವೇದಿಕೆಯಲ್ಲಿ ಕೂತು ಕನ್ನಡ ಶಾಲೆ ಬಗ್ಗೆ ಎರಡು ಮಾತಾಡಿ ಅಂತ ಇವರನ್ನು ಕರೆದಿದ್ದಾರೆ. ಹೋಗಲೋ ಬೇಡವೋ, ಇದು ಪ್ರಶ್ನೆ.

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕುಟುಂಬ ಸಂಗಮಕ್ಕೆ ಹೋದದ್ದು ತಪ್ಪಲ್ಲ. ಸಭೆಗೆ ಹೋಗುವುದು, ಮತ ಕೇಳಲು ಬಂದವರನ್ನು ಮಗಳ ಟೀಚರ್ ಬಗ್ಗೆ ಕೇಳುವುದು, ಇದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ. ಅಭಿನಂದನಾ ಸಭೆಗೂ ಬೇಕಾದರೆ ಹೋಗಿ, ಕೆಳಗೆ ಕುರ್ಚಿಯಲ್ಲಿ ಕೂತು ಬನ್ನಿ. ಆದರೆ ವೇದಿಕೆಗೆ ಹತ್ತಬೇಡಿ.

ಯಾಕೆ ಅಂತ ಹೇಳುತ್ತೇನೆ. ನಿಮ್ಮನ್ನು ಕರೆದದ್ದು ಶಾಲೆಗಾಗಿ ಅಂತ ನೀವು ನಂಬಿದ್ದೀರಿ, ಸ್ವಲ್ಪ ನಿಜವೂ ಇರಬಹುದು. ಆದರೆ ಆ ಶಾಲೆಯಲ್ಲಿ ಇನ್ನೂ ಎಷ್ಟೋ ಮಕ್ಕಳಿದ್ದಾರೆ, ಅವರಿಗೂ ತಾಯಂದಿರಿದ್ದಾರೆ, ಪಿಟಿಎ (ಪೋಷಕರ ಮತ್ತು ಶಿಕ್ಷಕರ ಸಂಘ) ಇದೆ. ಅವರನ್ನೆಲ್ಲ ಬಿಟ್ಟು ನಿಮ್ಮನ್ನೇ ಯಾಕೆ ಕರೆದರು? ನೀವು ಆ ಇಗರ್ಜಿಯ ಸೊಸೆ. ಒಳಗಿನವರು ಅಂತ ತೋರಿಸಬಹುದು, ಆದರೆ ಒಳಗಿನವರಷ್ಟು ಹಿಡಿತ ನಿಮಗಿಲ್ಲ, ನಿಮ್ಮ ಹಿಂದೆ ಮಾತಾಡುವ ಅಣ್ಣ ತಮ್ಮಂದಿರು ಆ ಊರಲ್ಲಿಲ್ಲ. ಅರ್ಧ ಒಳಗೆ ಅರ್ಧ ಹೊರಗೆ ಇರುವವರನ್ನು ಫೋಟೋಕ್ಕೆ ಎರವಲು ತೆಗೆದುಕೊಳ್ಳುವುದು ಎಲ್ಲ ಪಕ್ಷದವರಿಗೂ ಸುಲಭ. ಮಾರನೇ ದಿನ ಆ ಫೋಟೋಕ್ಕೆ ಅವರು ಏನು ಶೀರ್ಷಿಕೆ ಹಾಕುತ್ತಾರೆ ಅನ್ನುವುದು ನಿಮ್ಮ ಕೈಯಲ್ಲಿರುವುದಿಲ್ಲ. ಶಾಲೆ ವಿಷಯ ಅಲ್ಲಿಗೇ ಮುಳುಗಿತು. ಆಮೇಲೆ ನೀವು ಕೇಳುವ ಪ್ರತಿಯೊಂದು ಪ್ರಶ್ನೆಯೂ ಆ ಪಕ್ಷದ ಪ್ರಶ್ನೆ ಆಗುತ್ತದೆ, ಎದುರಿನವರ ಮಕ್ಕಳೂ ಅದೇ ಕ್ಲಾಸಿನಲ್ಲಿ ಕೂತಿದ್ದಾರೆ ಅನ್ನುವುದು ಮರೆತೇ ಹೋಗುತ್ತದೆ.

ಗುರ್ಕಾರರ ಹೆದರಿಕೆ ಎಲ್ಲಿಂದ ಬಂತು ಅಂತಲೂ ಗೊತ್ತಿರಲಿ. ಘಟ್ಟದ ಮೇಲೆ ನಮಗೆ ಇದು ಅಷ್ಟಾಗಿ ಅರ್ಥವಾಗುವುದಿಲ್ಲ. 2016ರ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಲ್ಲಿ ಗೆಲುವಿನ ಅಂತರ ಬರೀ 89 ಮತ. ಇಡೀ ಕ್ಷೇತ್ರಕ್ಕೆ 89! ಒಂದು ಮದುವೆ ಮನೆಯ ಎರಡು ಪಂಕ್ತಿಯಷ್ಟು ಜನ. ಅಂಥ ಊರಿನಲ್ಲಿ ಯಾರ ಅಂಗಳದಲ್ಲಿ ಯಾರು ಚಹಾ ಕುಡಿದರು ಅನ್ನುವುದನ್ನು ಎಲ್ಲರೂ ಲೆಕ್ಕ ಇಡುತ್ತಾರೆ. ಜನ ಕಡಿಮೆ ಇರುವ ಸಮುದಾಯಕ್ಕೆ ತಮ್ಮ ಮತ ಒಡೆಯಿತು ಅಂದರೆ ನಾಳೆ ರಸ್ತೆಗೆ, ನೀರಿಗೆ, ಸ್ಮಶಾನದ ಕಾಂಪೌಂಡಿಗೆ ಯಾರೂ ಕ್ಯಾರೇ ಅನ್ನುವುದಿಲ್ಲ ಅನ್ನುವ ಭಯ. ಆ ಭಯ ಸುಳ್ಳಲ್ಲ. ಆದರೆ ಅದನ್ನು ಪೂಜೆಗೆ ಬಂದ ಹೆಂಗಸಿನ ಮೇಲೆ ನಾಲ್ಕು ಜನರ ಎದುರು ಚೆಲ್ಲಿದ್ದು ತಪ್ಪು, ಅದರಲ್ಲಿ ನನಗೆ ಎರಡು ಮಾತಿಲ್ಲ.

ಇನ್ನೊಂದು. "ಇಗರ್ಜಿಯ ಮಾತು ಮೀರಿದೆನೋ ಏನೋ" ಅಂತ ಬರೆದಿದ್ದೀರಿ. ಇಲ್ಲ. ಗುರ್ಕಾರರ ಕೆಲಸ ವಾಡೊದ ಮನೆಗಳನ್ನು ಇಗರ್ಜಿಯ ಜೊತೆ ಜೋಡಿಸುವುದು, ಯಾರಿಗೆ ಕಾಯಿಲೆ, ಯಾರ ಮನೆಯಲ್ಲಿ ಸಾವು, ಎಲ್ಲಿ ತೆರ್ಸ್ (ಜಪಮಾಲೆ ಪ್ರಾರ್ಥನೆ), ಇದನ್ನು ನೋಡಿಕೊಳ್ಳುವುದು. ಮತ ಯಾರಿಗೆ ಅನ್ನುವುದು ಅದರಲ್ಲಿ ಇಲ್ಲ. ಪಾದ್ರಿಗಳೇ ರಾಜಕೀಯ ಪಕ್ಷಗಳಲ್ಲಿ ಸಕ್ರಿಯವಾಗಿ ತೊಡಗಬಾರದು ಅಂತ ಕಥೋಲಿಕ ಧರ್ಮಸಭೆಯ ಕಾನೂನು ಸಾಮಾನ್ಯವಾಗಿ ಹೇಳುತ್ತದೆ. ಸಾಮಾನ್ಯ ವಿಶ್ವಾಸಿಗಳಿಗೆ ಎಲ್ಲ ನಾಗರಿಕರಿಗಿರುವ ಸ್ವಾತಂತ್ರ್ಯವೇ ಇದೆ ಅಂತಲೂ ಅದೇ ಕಾನೂನಿನಲ್ಲಿದೆ. ದೇಶದ ಕಾನೂನು ನೋಡಿದರೆ, ಗುಡಿ ಮಸೀದಿ ಇಗರ್ಜಿಯ ಜಾಗವನ್ನು ರಾಜಕೀಯಕ್ಕೆ ಬಳಸಬಾರದು ಅಂತ 1988ರಲ್ಲೇ ಕಾಯ್ದೆ ಬಂದಿದೆ. ಇದನ್ನೆಲ್ಲ ಗುರ್ಕಾರರ ಮುಖಕ್ಕೆ ಹಿಡಿಯಿರಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ನಿಮಗೆ ನೀವು ಹೇಳಿಕೊಳ್ಳಲಿಕ್ಕೆ ಇರಲಿ ಅಂತ ಬರೆದೆ.

ಗುರ್ಕಾರರ ಹತ್ತಿರ ಮಾತಾಡಬೇಕಾದದ್ದು ಬೇರೆ. ಒಂದು ಸಂಜೆ ಅವರ ಮನೆಗೆ ಹೋಗಿ, ಗಂಡನನ್ನೂ ಕರೆದುಕೊಂಡು. ಇಗರ್ಜಿ ಮೆಟ್ಟಿಲಲ್ಲಿ ಬೇಡ, ಫೋನಿನಲ್ಲಂತೂ ಬೇಡವೇ ಬೇಡ. ಅವರ ಹೆಂಡತಿ ಚಹಾ ತರುತ್ತಾರೆ, ಕುಡಿಯಿರಿ. ಆಮೇಲೆ, "ನಾನು ಹೋದದ್ದು ಮಗಳ ಟೀಚರ್ ವಿಷಯ ಕೇಳಲಿಕ್ಕೆ. ನೀವು ಸಭೆ ಇಟ್ಟಿದ್ದರೆ ಅಲ್ಲಿಗೂ ಬಂದು ಇದನ್ನೇ ಕೇಳುತ್ತಿದ್ದೆ. ನೀವು ಎಲ್ಲರೆದುರು ಹಾಗೆ ಹೇಳಿದ್ದು ನನಗೆ ನೋವಾಯಿತು" ಅನ್ನಿ. ಅಷ್ಟೇ. ಕ್ಷಮೆ ಕೇಳಬೇಡಿ, ಅವರಿಂದ ಕೇಳಿಸಲಿಕ್ಕೂ ಹೋಗಬೇಡಿ. ನಾಳೆ ಮನೆಯಲ್ಲಿ ಏನಾದರೂ ಆದರೆ ಮೊದಲು ಬಾಗಿಲಿಗೆ ಬರುವವರು ಅವರೇ, ಬರಲೂಬೇಕು. ಆ ದಾರಿ ಮುಚ್ಚಬೇಡಿ.

ಇನ್ನು ಆ ಮೂರು ಪುಟ.

ತೆರ್ಸ್ ಹೇಳುವಾಗ ನಿಮ್ಮ ಸರದಿ ಬಂದರೆ ಪಕ್ಕದವರು ತಾವೇ ಶುರು ಮಾಡಿಬಿಡುತ್ತಾರೆ, ನಿಮ್ಮ ಕೊಂಕಣಿ ತಪ್ಪುತ್ತದೆ ಅಂತ. ಕೊಯರ್‌ಗೆ ಸೇರುತ್ತೇನೆ ಅಂದರೆ "ಮುಂದಿನ ವರ್ಷ ನೋಡುವ" ಅಂತ ಮೂರು ವರ್ಷದಿಂದ ಹೇಳುತ್ತಿದ್ದಾರೆ. ನಿಮ್ಮನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಗಂಡನ ಹೆಸರು ಹೇಳಿ "ಅವನ ಹೆಂಡತಿ" ಅನ್ನುತ್ತಾರೆ. ತಂಗೀ, ಗುರ್ಕಾರರ ಮಾತು ಅಷ್ಟು ಚುಚ್ಚಿದ್ದು ಇದಕ್ಕೆ, ಅಲ್ವಾ? ಆರು ವರ್ಷ ನಿಮಗೆ ಒಳಗೊಳಗೇ ಅನಿಸುತ್ತಿದ್ದದ್ದನ್ನು ಅವರು ಬಾಯಿಬಿಟ್ಟು ಹೇಳಿದರು. ಪಕ್ಕದ ಅಂಗಳದಲ್ಲಿ ಆ ದಿನ ನಿಮಗೆ ಕುರ್ಚಿ ಕೊಟ್ಟು, ಹೆಸರು ಕೇಳಿ, ಬರೆದುಕೊಂಡರು. ಎಷ್ಟು ಖುಷಿಯಾಯಿತು ಅಂತ ನೀವೇ ಬರೆದಿದ್ದೀರಿ. ಆ ಖುಷಿ ಬಗ್ಗೆ ಸ್ವಲ್ಪ ಜಾಗ್ರತೆ. ಇಗರ್ಜಿಯಲ್ಲಿ ಸಿಗದ ಕುರ್ಚಿ ಪಕ್ಷದಲ್ಲಿ ಸಿಕ್ಕಿತು ಅಂತ ಅಲ್ಲಿಗೆ ಹೋದರೆ, ಚುನಾವಣೆ ಮುಗಿದ ಮೇಲೆ ಆ ಕುರ್ಚಿಯನ್ನೂ ಮಡಚಿ ಇಡುತ್ತಾರೆ.

ನಾನೂ ಘಟ್ಟದವಳೇ. ಮದುವೆಯಾಗಿ ಕಾಸರಗೋಡಿಗೆ ಬಂದಾಗ ತುಳು ಒಂದು ಅಕ್ಷರ ಬರುತ್ತಿರಲಿಲ್ಲ, ಮಲಯಾಳ ಕೇಳಿದರೆ ಗಾಬರಿ. ಹಾಗಾಗಿ ನಿಮ್ಮ ಪತ್ರ ಓದಿ ಸುಮ್ನೆ ಸಮಾಧಾನ ಹೇಳುತ್ತಿಲ್ಲ. ಮೊದಲ ಸಲ ಗ್ರಾಮಸಭೆಗೆ ಹೋದಾಗ ಕೊನೆಯ ಬೆಂಚಿನಲ್ಲಿ ಗೋಡೆಗೆ ಒರಗಿ ಕೂತಿದ್ದೆ. ನನ್ನ ಮುಂದೆ ಒಬ್ಬರು ವಯಸ್ಸಾದ ಅಮ್ಮ. ಹಾಲಿನ ಪ್ಯಾಕೆಟನ್ನು ತೊಳೆದು ಒಣಗಿಸಿ ಅದರೊಳಗೆ ಅರ್ಜಿ ಮಡಚಿ ಇಟ್ಟುಕೊಂಡಿದ್ದರು. ಅವರ ಮನೆ ಹತ್ತಿರದ ತೋಡಿಗೆ (ಸಣ್ಣ ಹಳ್ಳಕ್ಕೆ) ಅಡಿಕೆ ಮರದ ಸಂಕ (ಕಾಲುಸೇತುವೆ), ಮಳೆಗಾಲದಲ್ಲಿ ಜಾರುತ್ತದೆ, ಮೊಮ್ಮಕ್ಕಳು ಶಾಲೆಗೆ ಹೋಗುವುದು ಅದರ ಮೇಲೆಯೇ. ಎದ್ದು ನಿಂತು ತುಳುವಿನಲ್ಲಿ ಹೇಳಿದರು. ಎದುರು ಕೂತವರು ಮಲಯಾಳದಲ್ಲಿ ಬರೆದುಕೊಂಡರು. ಅಮ್ಮ ಕೂರಲಿಲ್ಲ. "ಬರೆದದ್ದು ಓದಿ ಹೇಳಿ" ಅಂದರು. ಅವರು ಓದಿದರು. ಅಮ್ಮನಿಗೆ ಅರ್ಥವಾಗಲಿಲ್ಲ, ಅರ್ಥ ಹೇಳಿ ಅಂದರು. ಹೇಳಿದರು. ಆಮೇಲೇ ಕೂತರು. ಅಷ್ಟೂ ಹೊತ್ತು ಆ ಪ್ಯಾಕೆಟ್ ಅವರ ಕೈಯಲ್ಲಿ ಸಣ್ಣಗೆ ಸದ್ದು ಮಾಡುತ್ತಿತ್ತು, ಕೈ ನಡುಗುತ್ತಿತ್ತು. ನಾನು ಆ ದಿನ ಏನೂ ಕೇಳದೆ ಮನೆಗೆ ಬಂದೆ. ಮುಂದಿನ ಸಭೆಯಲ್ಲಿ ಕೇಳಿದೆ.

ನಿಮ್ಮ ಜಾಗ ಅದು, ಗ್ರಾಮಸಭೆ. ಕೇರಳದ 1994ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ವಾರ್ಡಿನ ಮತದಾರರ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಮೂರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು, ಕನಿಷ್ಠ ಹತ್ತರಲ್ಲಿ ಒಬ್ಬ ಮತದಾರರಾದರೂ ಇರಬೇಕು. ಗೆದ್ದ ಸದಸ್ಯರೇ ಅದರ ಸಂಚಾಲಕರು, ಅಭಿನಂದನಾ ಸಭೆಯಲ್ಲಿ ಹಾರ ಹಾಕಿಸಿಕೊಂಡವರು ಅಲ್ಲಿ ಉತ್ತರ ಕೊಡಬೇಕು. ಸೋತವರ ಕಡೆಯವರೂ ಅಲ್ಲಿಗೆ ಬರುತ್ತಾರೆ, ನಿಮ್ಮ ಗುರ್ಕಾರರೂ ಬರಬಹುದು. ನಿಮ್ಮ ಹೆಸರು ಇಲ್ಲಿಯ ಪಟ್ಟಿಗೆ ಬಂದಿದೆಯೋ, ಇನ್ನೂ ಶಿವಮೊಗ್ಗದಲ್ಲೇ ಇದೆಯೋ, ಅದನ್ನು ಮೊದಲು ನೋಡಿ. ಎಷ್ಟೋ ಸೊಸೆಯಂದಿರದ್ದು ತವರಿನಲ್ಲೇ ಉಳಿದಿರುತ್ತದೆ.

ಟೀಚರ್ ನೇಮಕ ವಾರ್ಡ್ ಸದಸ್ಯರ ಕೈಯಲ್ಲಿಲ್ಲ, ಇದು ನಿಮಗೆ ಗೊತ್ತಿರಬೇಕು. ಯಾರಾದರೂ "ನಾನು ಮಾಡಿಸಿಕೊಡುತ್ತೇನೆ" ಅಂದರೆ ಪೂರ್ತಿ ನಂಬಬೇಡಿ. ಆದರೆ ಗ್ರಾಮಸಭೆಯ ನಿರ್ಣಯ, ಜೊತೆಗೆ ಪಿಟಿಎ ಪತ್ರ, ಎರಡೂ ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಗೆ ಹೋದರೆ ಅದಕ್ಕೆ ತೂಕ ಬೇರೆ. ಕನ್ನಡ ಮಾಧ್ಯಮಕ್ಕೆ ಕನ್ನಡ ಬಾರದ ಶಿಕ್ಷಕರು ಬರುವುದು ಈ ಜಿಲ್ಲೆಯಲ್ಲಿ ಹಳೇ ನೋವು, ನೀವೊಬ್ಬರೇ ಅಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋಯಿತು. ಅದೇ ವರ್ಷ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ವ್ಯವಸ್ಥೆ ಮಾಡಲು ರಾಜ್ಯ ಪ್ರಯತ್ನಿಸಬೇಕು ಅನ್ನುತ್ತದೆ ಅದು. ನಿಮ್ಮ ಮಗಳು "ಅಮ್ಮ, ಟೀಚರ್ ಕಳೆಯುವ ಲೆಕ್ಕ ಹೇಳಿದರು, ಏನು ಕಳೆಯಿತು ಅಂತ ಗೊತ್ತಾಗಲಿಲ್ಲ" ಅಂದಳು ಅಂತ ಬರೆದಿದ್ದೀರಲ್ಲ, ಅಷ್ಟು ಹೇಳಿದರೆ ಸಾಕು ಗ್ರಾಮಸಭೆಯಲ್ಲಿ. ಭಾಷಣ ಬೇಡ.

ಗಂಡನ ವಿಷಯಕ್ಕೆ ಒಂದೇ ಮಾತು. ಅವರು ಹುಟ್ಟಿ ಬೆಳೆದ ಇಗರ್ಜಿ ಅದು, ಆ ಗುರ್ಕಾರರ ಕೈಯಿಂದ ಚಾಕಲೇಟು ತಿಂದು ದೊಡ್ಡವರಾದವರು. ಆ ಕ್ಷಣಕ್ಕೆ ಮಾತು ಹೊರಡಲಿಲ್ಲ ಅಂದರೆ ಕ್ಷಮಿಸಬಹುದು. ಆದರೆ ಮನೆಗೆ ಬಂದ ಮೇಲೂ ಸುಮ್ಮನಿದ್ದರು, "ನೀನು ಹೋಗದಿದ್ದರೆ ಏನಾಗುತ್ತಿತ್ತು" ಅಂದರು ಅಂತ ಬರೆದಿದ್ದೀರಿ. ಅದು ಸರಿಯಲ್ಲ. ಮಗಳು ಅವರಿಗೂ ಮಗಳೇ. ಗುರ್ಕಾರರ ಮನೆಗೆ ಜೊತೆಗೆ ಬನ್ನಿ ಅಂತ ಹೇಳಿ. ಅವರು ಅಲ್ಲಿ ಮಾತಾಡದಿದ್ದರೂ ಅಡ್ಡಿಯಿಲ್ಲ, ನಿಮ್ಮ ಪಕ್ಕದಲ್ಲಿ ಕೂತರೆ ಆಯಿತು.

ಅತ್ತೆಯ ಬಗ್ಗೆ ನೀವು ಜಾಸ್ತಿ ಬರೆದಿಲ್ಲ. "ಹೋಗಬೇಡ ಬಾಯೆ ಅಂದರು" ಅಷ್ಟೇ. ಆದರೆ ಬೇರೆ ಏನೋ ಹೇಳುವಾಗ ಮೊಂತಿ ಫೆಸ್ತಿನ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬ ಮತ್ತು ಹೊಸ ತೆನೆ ಹಬ್ಬದ, ಮಾತು ಬಂದಿದೆ. ಇಗರ್ಜಿಯಿಂದ ತಂದ ತೆನೆಯ ಕಾಳು ಸುಲಿದು ಪುಡಿ ಮಾಡಿ ಹಾಲಿಗೆ ಹಾಕುವ ಕೆಲಸವನ್ನು ಅತ್ತೆ ಎರಡು ವರ್ಷದಿಂದ ನಿಮ್ಮ ಕೈಯಲ್ಲೇ ಮಾಡಿಸುತ್ತಾರೆ ಅಂತ. ನಿಮ್ಮ ನಾದಿನಿಯರು ಮನೆಯಲ್ಲಿದ್ದಾಗಲೂ ನಿಮ್ಮ ಕೈಯಲ್ಲೇ. ಅದನ್ನು ನೀವು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ. ಆ ಮನೆಯಲ್ಲಿ ನಿಮ್ಮನ್ನು ಹೊರಗಿನವಳು ಅಂದುಕೊಳ್ಳದವರು ಒಬ್ಬರಿದ್ದಾರೆ. ಅವರಿಗೆ ಹೆದರಿಕೆ ಇದೆ, ಅಷ್ಟೇ. ಇನ್ನು ಮುಂದೆ ಯಾವ ಸಭೆಗೆ ಹೋಗುವುದಿದ್ದರೂ ಮೊದಲು ಅವರಿಗೆ ಹೇಳಿ ಹೋಗಿ. ಒಪ್ಪಿಗೆ ಕೇಳಲಿಕ್ಕಲ್ಲ. ವಾಟ್ಸಾಪಿನಲ್ಲಿ ಬರುವ ಮೊದಲು ನಿಮ್ಮ ಬಾಯಿಂದ ಅವರಿಗೆ ಗೊತ್ತಾಗಲಿ ಅಂತ.

ಅಭಿನಂದನಾ ಸಭೆಗೆ ಕರೆದವರಿಗೆ ಇವತ್ತೇ ಫೋನ್ ಮಾಡಿ, "ವೇದಿಕೆಗೆ ಬರುವುದಿಲ್ಲ, ಗ್ರಾಮಸಭೆಗೆ ಬಂದು ಕೇಳುತ್ತೇನೆ, ದಿನ ಯಾವಾಗ ಅಂತ ತಿಳಿಸಿ" ಅನ್ನಿ. ಆಮೇಲೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆಯಿರಿ, ಕನ್ನಡದಲ್ಲೇ. ಇಲ್ಲಿಯ ಕನ್ನಡಿಗರು ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲೇ ವ್ಯವಹರಿಸಬಹುದು ಅಂತ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ. ಕೆಳಗೆ ಆ ಕ್ಲಾಸಿನ ಎಲ್ಲ ಮಕ್ಕಳ ಮನೆಯವರ ಸಹಿ ಹಾಕಿಸಿ, ಎದುರು ರಂಗದವರದ್ದೂ. ಮೊದಲ ಸಹಿ ನಿಮ್ಮ ಅತ್ತೆಯದ್ದು ಇರಲಿ. ಕೊಂಕಣಿಯಲ್ಲೇ ಕೇಳಿ, ತಪ್ಪಿದರೆ ತಪ್ಪಲಿ.