ಮಕೆರೆರೆಯ ಮೊದಲ ಕುಲಪತಿ ಯಾರು?

ಓದುಗರ ಪತ್ರ: ಉಗಾಂಡದ ಮಕೆರೆರೆ ವಿಶ್ವವಿದ್ಯಾಲಯದ ಮೊದಲ ಕುಲಪತಿ ಫ್ರ್ಯಾಂಕ್ ಕಲಿಮುಜೊ ಎಂದು ಒಂದು ಕಡೆ ಓದಿದೆ. ಇನ್ನೊಂದು ಕಡೆ ಯೂಸುಫ್ ಲುಲೆ ಎಂದಿತ್ತು, ಮತ್ತೊಂದರಲ್ಲಿ ಬರ್ನಾರ್ಡ್ ಡಿ ಬನ್ಸೆನ್. ಯಾವುದು ಸರಿ? ಮುಖ್ಯಸ್ಥರ ಪಟ್ಟಿಯನ್ನು ಗೊಂದಲವಿಲ್ಲದೆ ಬರೆದುಕೊಳ್ಳುವುದು ಹೇಗೆ?

ಸಂಪಾದಕರ ಉತ್ತರ: ಕಲಿಮುಜೊ ಎಂಬುದೇ ಸರಿ. ಹಾಗೆಂದು ಉಳಿದೆರಡು ಹೆಸರುಗಳು ಕಟ್ಟುಕಥೆಯಲ್ಲ. ಆ ಇಬ್ಬರೂ ಮಕೆರೆರೆಯನ್ನು ಮುನ್ನಡೆಸಿದವರೇ, ಆದರೆ ಅವರ ಹುದ್ದೆ ಬೇರೆ.

ಪಟ್ಟಿ ಬರೆಯುವ ಮೊದಲು ಸಂಸ್ಥೆಯ ವಯಸ್ಸನ್ನು ಭಾಗ ಮಾಡಿಕೊಳ್ಳಿ. 1922ರಲ್ಲಿ ಅದು ಮರಗೆಲಸ, ಕಟ್ಟಡ ಕೆಲಸ, ಯಂತ್ರಕೆಲಸ ಕಲಿಸುವ ಶಾಲೆ. ಆಗಿದ್ದ ವಿದ್ಯಾರ್ಥಿಗಳು 14 ಮಂದಿ. 1949ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಪದವಿಗೆ ಓದಿಸುವ ಕಾಲೇಜಾಯಿತು. 1963ರಲ್ಲಿ ನೈರೋಬಿ, ದಾರ್ ಎಸ್ ಸಲಾಮ್ ಜೊತೆಗೂಡಿ ಪೂರ್ವ ಆಫ್ರಿಕಾ ವಿಶ್ವವಿದ್ಯಾಲಯದ ಅಂಗವಾಯಿತು. 1970ರ ಜುಲೈ 1ರಂದು ಆ ಒಕ್ಕೂಟ ಮುರಿದು ಮೂರೂ ಸ್ವತಂತ್ರವಾದವು. ಅಲ್ಲಿಯವರೆಗೆ ಮಕೆರೆರೆಯ ಮುಖ್ಯಸ್ಥರು ಪ್ರಿನ್ಸಿಪಾಲರು, ಅಲ್ಲಿಂದಾಚೆಗೆ ಕುಲಪತಿಗಳು.

ಡಿ ಬನ್ಸೆನ್ ವಿಷಯದಲ್ಲಿ ಎಡವುವುದು ಸುಲಭ. ಅವರು 1964ರವರೆಗೆ ಮಕೆರೆರೆಯ ಪ್ರಿನ್ಸಿಪಾಲರು. ಜೊತೆಗೆ ಪೂರ್ವ ಆಫ್ರಿಕಾ ವಿಶ್ವವಿದ್ಯಾಲಯದ ಮೊದಲ ಕುಲಪತಿಯೂ ಅವರೇ. ಅವಸರದಲ್ಲಿ ಓದಿದರೆ ಎರಡೂ ಒಂದಾಗಿಬಿಡುತ್ತವೆ. ಲುಲೆ 1964ರಿಂದ 1970ರವರೆಗೆ ಇದ್ದ ಮೊದಲ ಆಫ್ರಿಕನ್ ಪ್ರಿನ್ಸಿಪಾಲರು. ಸಂಸ್ಥೆ ಸ್ವತಂತ್ರವಾದ ವರ್ಷವೇ ಲುಲೆಯವರನ್ನು ದೇಶದ ಅಧ್ಯಕ್ಷ ಮಿಲ್ಟನ್ ಒಬೊಟೆ ಕೆಳಗಿಳಿಸಿದ್ದರಿಂದ ಕುಲಪತಿ ಪಟ್ಟ ಅವರಿಗೆ ಸಿಗಲಿಲ್ಲ. ಇದೇ ಲುಲೆ 1979ರಲ್ಲಿ 68 ದಿನ ಉಗಾಂಡದ ಅಧ್ಯಕ್ಷರಾಗಿದ್ದರು.

ಹೆಸರು, ಇಸವಿಗಳ ಪಕ್ಕದಲ್ಲಿ 'ನೇಮಿಸಿದವರು ಯಾರು' ಎಂಬ ಕಾಲಂ ಖಂಡಿತ ಇರಲಿ ಎಂಬುದು ನಮ್ಮ ಒತ್ತಾಯದ ಸಲಹೆ. ಅದಿಲ್ಲದ ಪಟ್ಟಿಯಿಂದ ಮಕೆರೆರೆಗೆ ಏನಾಯಿತೆಂಬುದು ತಿಳಿಯುವುದಿಲ್ಲ. 1970ರ ವ್ಯವಸ್ಥೆಯಲ್ಲಿ ದೇಶದ ಅಧ್ಯಕ್ಷರೇ ಕುಲಾಧಿಪತಿ, ಅಂದರೆ ಕುಲಪತಿಗೂ ಮೇಲಿನ ಚಾನ್ಸಲರ್. ಕುಲಪತಿಯನ್ನು ನೇಮಿಸುವುದು ಅವರ ಕೈಯಲ್ಲಿತ್ತು. ಒಬೊಟೆ ತಮ್ಮ ಸರ್ಕಾರದ ಹಿರಿಯ ಅಧಿಕಾರಿಯಾಗಿದ್ದ ಕಲಿಮುಜೊ ಅವರನ್ನು ತಂದು ಕೂರಿಸಿದರು. 1971ರ ಜನವರಿಯಲ್ಲಿ ಇದಿ ಅಮೀನ್ ದಂಗೆಯೆದ್ದು ಅಧಿಕಾರ ಹಿಡಿದಾಗ ಕುಲಾಧಿಪತಿ ಸ್ಥಾನವೂ ಅವನಿಗೇ ಹೋಯಿತು. ಒಬೊಟೆಯ ಆಪ್ತ ಎಂಬ ಹಣೆಪಟ್ಟಿ ಕಲಿಮುಜೊ ಅವರನ್ನು ಬಿಡಲಿಲ್ಲ. 1972ರ ಅಕ್ಟೋಬರಿನಲ್ಲಿ ಅವರನ್ನು ಹಿಡಿದೊಯ್ದರು, ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಏಷ್ಯನ್ನರಿಗೆ 90 ದಿನಗಳ ಗಡುವು ಕೊಟ್ಟು ಹೊರಗಟ್ಟುತ್ತಿದ್ದದ್ದೂ ಅದೇ ತಿಂಗಳುಗಳಲ್ಲಿ. ಅನೇಕ ಪಟ್ಟಿಗಳು ಕಲಿಮುಜೊ ಹೆಸರಿನ ಮುಂದೆ '1970–72' ಎಂದಷ್ಟೇ ಬರೆದು ಸುಮ್ಮನಾಗುತ್ತವೆ. ಅವಧಿ ಮುಗಿಸಿ ಹೋದವರಂತೆ ಅವರನ್ನು ತೋರಿಸುವುದು ಅನ್ಯಾಯ. ನೀವು ಬರೆಯುವಾಗ 'ಬಂಧನ, ಕಣ್ಮರೆ' ಎಂದು ಸೇರಿಸಿ.

ಈ ಕಾಲಂ ಮುಂದೆ ಬದಲಾಗುವುದು 2001ರ ವಿಶ್ವವಿದ್ಯಾಲಯಗಳ ಕಾಯಿದೆಯಿಂದ. ಅಧ್ಯಕ್ಷರು 'ವಿಸಿಟರ್' ಎಂಬ ಮೇಲುಸ್ತುವಾರಿ ಸ್ಥಾನಕ್ಕೆ ಸರಿದರು, ಕುಲಾಧಿಪತಿ ಬೇರೆಯವರಾದರು. 2003ರಲ್ಲಿ ಆ ಸ್ಥಾನಕ್ಕೆ ಬಂದವರು ಅಪೋಲೊ ನ್ಸಿಬಾಂಬಿ. ಅವರು ಆಗ ದೇಶದ ಪ್ರಧಾನಿ ಎನ್ನುವುದನ್ನು ಮರೆಯಬಾರದು. ಸರ್ಕಾರ ಪೂರ್ತಿ ದೂರವಾಗಲಿಲ್ಲ. ಕುಲಪತಿ ಆಯ್ಕೆ ಮಾತ್ರ ಹುಡುಕಾಟ ಸಮಿತಿ, ಸೆನೆಟ್ (ಶೈಕ್ಷಣಿಕ ಮಂಡಳಿ), ಕೌನ್ಸಿಲ್ (ಆಡಳಿತ ಮಂಡಳಿ) ದಾಟಿ ಕುಲಾಧಿಪತಿಯ ಸಹಿಗೆ ಬರಬೇಕಾಯಿತು. ಅವಧಿ 5 ವರ್ಷ, ಮತ್ತೊಂದೇ ಅವಧಿಗೆ ಮುಂದುವರಿಕೆ. 1993ರಿಂದ ಇದ್ದ ಜಾನ್ ಸೆಬುವುಫು ನಂತರ, 2004ರಲ್ಲಿ ಗಣಿತಜ್ಞ ಲಿವಿಂಗ್‌ಸ್ಟನ್ ಲುಬೂಬಿ ಹೊಸ ಕ್ರಮದಲ್ಲಿ ಬಂದರು. 2017ರಲ್ಲಿ ಬಂದ ಬರ್ನಬಾಸ್ ನವಾಂಗ್ವೆ 2022ರಲ್ಲಿ ಎರಡನೇ ಅವಧಿ ಪಡೆದರು.

ಎಣಿಸುವಾಗ ಇನ್ನೆರಡು ಕಡೆ ಲೆಕ್ಕ ತಪ್ಪುತ್ತದೆ. ಸೆಂಟೆಜಾ ಕಜುಬಿ ಎರಡು ಸಲ ಕುಲಪತಿಯಾದವರು: 1977–79 ಮತ್ತು 1990–93. ಅವರಿಗೆ ಎರಡು ಸಾಲು ಕೊಡಿ, ಆದರೆ ವ್ಯಕ್ತಿಗಳನ್ನು ಎಣಿಸುವಾಗ ಒಬ್ಬರೆಂದೇ ಹಿಡಿಯಿರಿ. 2009ರಲ್ಲಿ ಲುಬೂಬಿ ನಂತರ ಬಂದ ವೆನಾನ್ಸಿಯಸ್ ಬರ್ಯಾಮುರೀಬ ಶುರುವಿನಲ್ಲಿ ಹಂಗಾಮಿ. ಹಂಗಾಮಿ ದಿನಗಳನ್ನು ಸೇರಿಸಿ ಲೆಕ್ಕ ಹಾಕಿದವರಿಗೂ ಬಿಟ್ಟು ಹಾಕಿದವರಿಗೂ ಇಸವಿ ಹೊಂದುವುದಿಲ್ಲ. ಎರಡರಲ್ಲಿ ಒಂದು ಕ್ರಮ ಆರಿಸಿಕೊಂಡು, ಅದನ್ನು ಪಟ್ಟಿಯ ತಲೆಯಲ್ಲೇ ಬರೆದಿಡಿ.